ಎಮ್ಮೆ ಕಾಣದೆ ಎದ್ದು ನಿಂತ ಸಭ್ಯ ಪ್ರೇಕ್ಷಕರಿಗೆ

ಸನ್ಮಾನ್ಯ ಸಭ್ಯ ಪ್ರೇಕ್ಷಕ ಮಹಾಶಯರ ಸನ್ನಿಧಾನಕ್ಕೆ,

ಕುಷ್ಟಗಿಯಿಂದ ತಮ್ಮ ವಿಧೇಯ ಮಾಸ್ತರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇತ್ತ ನಾವು, ನಮ್ಮ ಪ್ರೊಜೆಕ್ಟರು, ತಾವು ಕಿತ್ತ ವೈರು ಎಲ್ಲವೂ ಕ್ಷೇಮ. ತಮ್ಮ ಬಿಳಿ ಅಂಗಿಯ ಕ್ಷೇಮ ತಿಳಿಯದೆ ಮನಸ್ಸು ಒಂದೇ ಸಮನೆ ಹಾತೊರೆಯುತ್ತಿದೆ.

ತಮ್ಮ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಭಯದಿಂದಲ್ಲ, ಬರೆದರೆ ಉಳಿದವರಿಗೆ ಅನ್ಯಾಯವಾದೀತೆಂದು. ತಮ್ಮನ್ನು ನಾನು ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೇನೆ, ಯಲಬುರ್ಗಾದ ಮದುವೆ ಮನೆಗಳಲ್ಲಿ ಎರಡನೇ ಪಂಕ್ತಿಯಲ್ಲಿ ನೋಡಿದ್ದೇನೆ, ನಮ್ಮ ಕುಷ್ಟಗಿಯ ಸ್ಟಾಫ್‌ರೂಮಿನಲ್ಲಂತೂ ದಿನಾ ನೋಡುತ್ತೇನೆ. ಹೋದ ತಿಂಗಳ ಎರಡನೇ ಭಾನುವಾರ ಗಂಗಾವತಿಯಲ್ಲಿ ತಾವು ದರ್ಶನ ಕೊಟ್ಟಾಗ ಹಾಲು ಉತ್ಪಾದಕರ ಸಂಘದ ಅಧ್ಯಕ್ಷರ ರೂಪದಲ್ಲಿದ್ದಿರಿ. ಅವತಾರ ಯಾವುದಾದರೇನು, ಸಭ್ಯತೆ ಒಂದೇ.

ಮೊದಲು ಕೃತಜ್ಞತೆ. ಗೊಬ್ಬರದ ಅಂಗಡಿಯ ಮೇಲಿನ ಆ ಟ್ಯೂಷನ್ ಕೋಣೆಯಲ್ಲಿ ನಾವು ನಾಲ್ಕು ಮಂದಿ ಸೇರಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ಬಾಡಿಗೆಗೆ ತಂದ 22 ಪ್ಲಾಸ್ಟಿಕ್ ಖುರ್ಚಿ, ಎರಡು ಬಿಳಿ ಧೋತರ ಜೋಡಿಸಿ ಹೊಲಿದ ಪರದೆ. ಹೊಲಿಗೆ ನಟ್ಟನಡುವೆ ಬಂದಿರುವುದರಿಂದ ಎಂಥ ಚೆಲುವ ನಾಯಕನ ಮೂಗೂ ಅಲ್ಲಿಗೆ ಬಂದು ಸೊಟ್ಟಗಾಗುತ್ತದೆ. ಸಾಮಾನ್ಯವಾಗಿ 7 ಜನ ಬರುತ್ತಾರೆ, ಅದರಲ್ಲಿ ನಾಲ್ವರು ನಾವೇ. ಅಂಥ ಕಡೆಗೆ ತಾವು ಐದು ಮಂದಿಯನ್ನು ಕಟ್ಟಿಕೊಂಡು, ಎರಡು ಪೊಟ್ಟಣ ಒಗ್ಗರಣೆ ಮಿರ್ಚಿ ಸಮೇತ ಮೆಟ್ಟಿಲು ಹತ್ತಿ ಬಂದಾಗ ನಮ್ಮ ಕಣ್ಣು ಒದ್ದೆಯಾದವು. ಕೆಳಗಿನ ಯೂರಿಯಾ ಘಾಟಿಗೆ ಒದ್ದೆಯಾದವೆಂದು ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ತಪ್ಪು ನಮ್ಮದೇ, ಒಪ್ಪಿಕೊಳ್ಳುತ್ತೇನೆ. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ನಾನು ಸ್ವಹಸ್ತದಿಂದ "ಮಿಲ್ಕ್: ಒಬ್ಬ ಜನನಾಯಕನ ಜೀವನ ಕಥೆ" ಎಂದು ಬರೆದಿದ್ದೆ. ಹಾಲಿನ ಸಂಘದ ಅಧ್ಯಕ್ಷರು ಅದನ್ನು ಹೇಗೆ ಓದಬೇಕೋ ಹಾಗೇ ಓದಿದಿರಿ. "ಹಾಲಿನ ಕುರಿಯನ್ ಸಾಹೇಬ್ರ ಪಿಕ್ಚರ್ ಹೌದಲ್ರೀ?" ಎಂದು ಕೇಳಿದಿರಿ. ಅಷ್ಟು ಜನ ಒಮ್ಮೆಲೇ ಬಂದ ಸಂತೋಷದಲ್ಲಿ ನಾನು "ಬರ್ರಿ, ಕುಂದರ್ರಿ" ಎಂದೆನೇ ಹೊರತು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಶ್ಯಾಮ್ ಬೆನೆಗಲ್ 1976ರಲ್ಲಿ ತೆಗೆದ 'ಮಂಥನ್' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿದ ಕಥೆಯನ್ನು ತಾವು ಜತೆಗಿದ್ದವರಿಗೆ ಹೇಳುತ್ತ ಕೂತಿರಿ. ದೀಪ ಆರಿಸಿದೆವು. ತೆರೆಯ ಮೇಲೆ ಪೊಲೀಸರು ಬಾರುಗಳಿಗೆ ನುಗ್ಗಿ ಗಂಡಸರನ್ನು ವ್ಯಾನಿಗೆ ತುಂಬುವ ಹಳೆಯ ಕಪ್ಪು ಬಿಳುಪು ದೃಶ್ಯಗಳು ಓಡಿದವು. ಒಬ್ಬ ಮನುಷ್ಯ ಅಡುಗೆಮನೆಯ ಮೇಜಿನ ಮುಂದೆ ಕೂತು, ತನ್ನನ್ನು ಯಾರಾದರೂ ಕೊಂದರೆ ಕೇಳಿಸಬೇಕಾದ ಮಾತುಗಳನ್ನು ಟೇಪಿಗೆ ಹೇಳತೊಡಗಿದ. ಆಗ ಕತ್ತಲಲ್ಲಿ ತಮ್ಮ ಗಂಭೀರ ಧ್ವನಿ ಕೇಳಿತು: "ಎಮ್ಮಿ ಯಾವಾಗ ಬರ್ತೈತ್ರಿ?"

ಮಹಾಶಯರೇ, ಎಮ್ಮೆ ಬರಲಿಲ್ಲ. ಮಿಲ್ಕ್ ಎಂಬುದು ಮನೆತನದ ಹೆಸರು. ಹಾರ್ವಿ ಮಿಲ್ಕ್, 1930ರಲ್ಲಿ ನ್ಯೂಯಾರ್ಕಿನ ಕಡೆ ಹುಟ್ಟಿದವರು, ನೌಕಾಪಡೆಯಲ್ಲಿದ್ದು ಬಂದವರು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟವರು. ಗಂಡಸರನ್ನು ಪ್ರೀತಿಸುವ ಗಂಡಸು ತಾನೆಂದು ಮೈಕಿನಲ್ಲಿ ಹೇಳಿ ವೋಟು ಕೇಳಿ ಗೆದ್ದವರು. 2008ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಹಾರ್ವಿಯ ಮೇಲೆ ಈ ಸಿನಿಮಾ ತೆಗೆದರು, ಪಾತ್ರ ಮಾಡಿದ ಶಾನ್ ಪೆನ್‌ಗೆ ಆಸ್ಕರ್ ಬಂತು. ಇದನ್ನೆಲ್ಲ ನಾನು ಮೊದಲೇ ಹೇಳಬೇಕಿತ್ತು. ಹೇಳುವಷ್ಟರಲ್ಲಿ ನಾಯಕ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಒಬ್ಬ ತರುಣನಿಗೆ ಮುತ್ತು ಕೊಟ್ಟೇಬಿಟ್ಟ.

ಆಗ ತಾವು ಮಾಡಿದ ಉಪಕಾರವನ್ನು ಏಳೇಳು ಜನ್ಮಕ್ಕೂ ಮರೆಯಲಾರೆ. ದಿಗ್ಗನೆ ಎದ್ದು, "ಏಯ್, ಬಂದ್ ಮಾಡ್ರಿ!" ಎನ್ನುತ್ತ ಎರಡೂ ಕೈ ಅಗಲಿಸಿ ಪ್ರೊಜೆಕ್ಟರಿನ ಎದುರಿಗೆ ನಿಂತಿರಿ. ನಮ್ಮ ಮಾನ ಮುಚ್ಚಲು ನಿಂತಿರಿ, ಗೊತ್ತು. ಆದರೆ ತಮ್ಮ ಬೆನ್ನು ಅಗಲವಾದದ್ದು, ಅಂಗಿ ಹಾಲಿನಷ್ಟೇ ಬೆಳ್ಳಗಿತ್ತು, ಇಸ್ತ್ರಿ ಬೇರೆ ಆಗಿತ್ತು. ಪ್ರೊಜೆಕ್ಟರಿನ ಫೋಕಸ್ಸನ್ನು ತಿರುಗಿಸುತ್ತಿದ್ದ ನಮ್ಮ ಹುಡುಗನ ಕೈ ಎಲ್ಲಿ ತಾಗಿತೋ, ಚಿತ್ರ ಸರಿಯಾಗಿ ತಮ್ಮ ಬೆನ್ನ ಮೇಲೆ ಹರಳುಗಟ್ಟಿದ ಹಾಗೆ ನಿಂತಿತು. ಧೋತರದ ಪರದೆಯಲ್ಲಿ ಮಸುಕಾಗಿ, ಹೊಲಿಗೆಗೆ ಸಿಕ್ಕಿ ಎರಡು ಹೋಳಾಗಬೇಕಿದ್ದ ಆ ಮುತ್ತು ತಮ್ಮ ಭುಜದ ಮೂಳೆಯಿಂದ ಸೊಂಟದವರೆಗೆ, ಒಂದು ನಿರಿಗೆ ಇಲ್ಲದೆ, ನಡೆಯಿತು. ಹಿಂದಿನ ಸಾಲಿನವರು ಇಂಥ ಸ್ಪಷ್ಟ ಪ್ರದರ್ಶನವನ್ನು ನಮ್ಮಲ್ಲಿ ಹಿಂದೆಂದೂ ಕಂಡಿರಲಿಲ್ಲ. ತಾವು ಮಾತ್ರ ಪರದೆ ಕಪ್ಪಾದದ್ದನ್ನು ನೋಡಿ ಸಮಾಧಾನದಿಂದ "ಹಾಂ" ಎಂದು ತಲೆದೂಗಿದಿರಿ.

ಸ್ವಲ್ಪ ಹೊತ್ತಿಗೆ ಇನ್ನೊಂದು ಅಂಥದೇ ದೃಶ್ಯ ಬಂದಾಗ, ಬೆನ್ನಿನ ಮೇಲಿನ ನಂಬಿಕೆ ಹೋಗಿತ್ತೋ ಏನೋ, ವೈರನ್ನೇ ಕಿತ್ತಿರಿ. ಕೋಣೆ ಗವ್ವೆಂದಿತು. ಕರೆಂಟು ಹೋಯಿತೆಂದು ಹೆಣ್ಣುಮಗಳೊಬ್ಬಳು ಮೊಬೈಲಿನ ಬೆಳಕು ಹಚ್ಚುವಷ್ಟರಲ್ಲಿ ವೈರು ತಿರುಗಿ ತನ್ನ ಜಾಗದಲ್ಲಿತ್ತು, ಸಿನಿಮಾ ನಡೆದಿತ್ತು. ನಾವು ನಾಲ್ವರೂ ಪ್ರೊಜೆಕ್ಟರಿನ ಈಚೆ ಇದ್ದೆವು. ಚುಚ್ಚಿದವರು ತಮ್ಮ ಜತೆ ಬಂದ ಐವರಲ್ಲಿ ಒಬ್ಬರು. ಯಾರೆಂದು ಕಂಡಿದ್ದೇನೆ, ಹೇಳುವುದಿಲ್ಲ. ತಾವೂ ದಯವಿಟ್ಟು ಹುಡುಕಬೇಡಿ ಎಂದು ಸವಿನಯ ಪ್ರಾರ್ಥನೆ.

ಇಷ್ಟಾದ ಮೇಲೆ ತಾವು ಎದ್ದು ಹೋಗುತ್ತೀರೆಂದುಕೊಂಡಿದ್ದೆ. ಹೋಗಲಿಲ್ಲ. ಯಾಕೆಂದರೆ ಎಲೆಕ್ಷನ್ ಬಂತು. ಇಲ್ಲಿ ನಾನು ತಮಾಷೆ ಬಿಟ್ಟು ತಮಗೆ ಕೈ ಮುಗಿಯಬೇಕು. ಆ ಸಿನಿಮಾವನ್ನು ನಾನು ಅದಕ್ಕೂ ಮೊದಲು ಎರಡು ಸಲ ನೋಡಿದ್ದೆ, ಚುನಾವಣೆಯ ಭಾಗ ಬಂದಾಗಲೆಲ್ಲ ಚಹಾ ಮಾಡಲು ಏಳುತ್ತಿದ್ದೆ. ತಾವು ಖುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿರಿ. ಹಾರ್ವಿ 1973ರಲ್ಲಿ ನಿಂತು ಸೋತರು, 1975ರಲ್ಲಿ ಸೋತರು, 1976ರಲ್ಲಿ ರಾಜ್ಯ ಶಾಸನಸಭೆಗೆ ನಿಂತು ಅಲ್ಲೂ ಸೋತರು. "ಮೂರು ಸಲಾ ಡಿಪಾಸಿಟ್ ಕಟ್ಟಿದ್ನಲ್ರೀ, ಗಟ್ಟಿ ಗುಂಡಿಗಿ ಇವ್ನದು" ಎಂದಿರಿ. 1977ರಲ್ಲಿ ಗೆದ್ದದ್ದು ಹೇಗೆಂದು ನಾನು ಭಾಷಣ ಬಿಗಿಯಲು ಬಾಯಿ ತೆರೆಯುವಷ್ಟರಲ್ಲಿ ತಾವೇ ಹೇಳಿದಿರಿ: "ಮೊದ್ಲ ಇಡೀ ಊರಿಗೆ ಒಂದ ಓಟಿತ್ತು. ಈ ಸಲಾ ವಾರ್ಡು ಮಾಡ್ಯಾರ. ತನ್ನ ಓಣಿಯಾಗ ನಿಂತ, ಗೆದ್ದ. ಅಷ್ಟ ಮತ್ತ." ಅಷ್ಟೇ ಮತ್ತೆ. ಆ ನಗರದ ಆಡಳಿತ ಮಂಡಳಿಯ ಸದಸ್ಯರನ್ನು ಅದುವರೆಗೆ ಇಡೀ ಊರು ಒಟ್ಟಾಗಿ ಆರಿಸುತ್ತಿತ್ತು. ಕ್ಷೇತ್ರಗಳಾಗಿ ಒಡೆದ ಮೇಲೆಯೇ ಅವರಿಗೆ ದಾರಿಯಾದದ್ದು.

ಲಾರಿ ಚಾಲಕರ ಸಂಘದವರು ಒಂದು ಬೀರು ಕಂಪನಿಯ ಮೇಲೆ ಮುನಿದಿದ್ದರು. ಹಾರ್ವಿ ತನ್ನವರ ಬಾರುಗಳಿಂದ ಆ ಬೀರನ್ನೇ ಎತ್ತಿಸಿದರು. ಸಂಘದವರು ಮುಂದೆ ಅವರ ಕಡೆ ನಿಂತರು. ಇದನ್ನು ನಾನು ಅನುವಾದಿಸುವ ಮೊದಲೇ ತಾವು ತೊಡೆ ತಟ್ಟಿ, ಹಾಲಿನ ರೇಟಿಗಾಗಿ ಕ್ಯಾನುಗಟ್ಟಲೆ ಹಾಲು ರಸ್ತೆಗೆ ಸುರಿದ ದಿನ ಯಾವ ಸಂಘದವರು ಬಂದು ನಿಂತರು, ಯಾರು ಬರಲಿಲ್ಲ ಎಂದು ಹೆಸರು ಹಿಡಿದು ಹೇಳಿದಿರಿ. ಹತ್ತು ನಿಮಿಷ ಸಿನಿಮಾ ತನ್ನ ಪಾಡಿಗೆ ನಡೆದಿತ್ತು, ಯಾರೂ ನೋಡಲಿಲ್ಲ, ಎಲ್ಲರೂ ತಮ್ಮನ್ನೇ ಕೇಳುತ್ತಿದ್ದೆವು. ಗೆದ್ದ ಮೇಲೆ ಹಾರ್ವಿ ತಂದ ಕಾನೂನುಗಳಲ್ಲಿ ಒಂದು, ನಾಯಿ ಸಾಕಿದವರೇ ಬೀದಿಯಲ್ಲಿ ಅದರ ಹೇಲು ಬಳಿಯಬೇಕೆಂಬುದು. ಪತ್ರಕರ್ತರನ್ನು ಉದ್ಯಾನಕ್ಕೆ ಕರೆದು, ಮಾತಾಡುತ್ತ ಆಡುತ್ತ ಅದರ ಮೇಲೇ ಬೂಟು ಊರಿ ತೋರಿಸಿದರು. ತಾವು ಮಿರ್ಚಿ ನೆತ್ತಿಗೇರುವಂತೆ ನಕ್ಕಿರಿ. "ಗಂಗಾವತಿಗೆ ಇಂಥಾವ ಒಬ್ಬ ಬೇಕ್ರಿ. ಹಂದಿದೂ ಸೇರಸ್ಬೇಕಾಗಿತ್ತು" ಎಂದಿರಿ. ಕೂಡಲೇ ಏನೋ ನೆನಪಾದವರಂತೆ ಮುಖ ಬಿಗಿದು, "ಲಗ್ನ ಆಗಿದ್ರ ನಾನೂ ಓಟು ಹಾಕ್ತಿದ್ದೆ" ಎಂದು ಸೇರಿಸಿದಿರಿ.

ಸಭ್ಯತೆಯ ತಕ್ಕಡಿ ಹಿಡಿದ ತಮ್ಮ ಕೈಗೆ ಇನ್ನೊಂದು ವಂದನೆ ಸಲ್ಲಬೇಕು. 1978ರ ನವೆಂಬರ್ 27ರಂದು ಡ್ಯಾನ್ ವೈಟ್ ಎಂಬಾತ ನಗರಸಭೆಯ ಕಟ್ಟಡಕ್ಕೆ ನೆಲಮಾಳಿಗೆಯ ಕಿಟಕಿಯಿಂದ ಇಳಿದು ಬಂದ. ಹಾರ್ವಿಯ ಜತೆಗೇ ಗೆದ್ದು ಬಂದ ಸದಸ್ಯ, ಸಂಬಳ ಸಾಲದೆಂದು ರಾಜೀನಾಮೆ ಕೊಟ್ಟು, ಮತ್ತೆ ಸೀಟು ಬೇಕೆಂದು ಹಟ ಹಿಡಿದವನು. ಮೇಯರ್ ಜಾರ್ಜ್ ಮಾಸ್ಕೋನಿಯನ್ನು ಗುಂಡಿಟ್ಟು ಕೊಂದ, ಪಡಸಾಲೆ ದಾಟಿ ಬಂದು ಹಾರ್ವಿಯನ್ನೂ ಕೊಂದ. ಎಲ್ಲವೂ ತೆರೆಯ ಮೇಲೆ ನಿಧಾನವಾಗಿ ಕಾಣುತ್ತದೆ. ತಾವು ಕದಲಲಿಲ್ಲ. ವೈರಿನ ಕಡೆ ನೋಡಲಿಲ್ಲ. ಹೆಣ್ಣುಮಕ್ಕಳಿದ್ದಾರೆ ಅನ್ನಲಿಲ್ಲ, ಹುಡುಗರು ಕೆಡುತ್ತಾರೆ ಅನ್ನಲಿಲ್ಲ. ಪೊಟ್ಟಣದ ತಳದ ಕೊನೆಯ ಮಂಡಕ್ಕಿಯನ್ನು ಬೆರಳಿಗೆ ಅಂಟಿಸಿ ತೆಗೆದು ಬಾಯಿಗೆ ಹಾಕಿಕೊಂಡಿರಿ. ಮುತ್ತಿಗೆ ಎದ್ದು ನಿಂತ ತಾವು ಗುಂಡಿಗೆ ಕೂತೇ ಇದ್ದಿರಿ. ಒಂದು ವಿಷಯ ಮಾತ್ರ ತಮ್ಮ ಪರವಾಗಿ ಹೇಳಬೇಕು. ಕೊಂದವನಿಗೆ ಆದ ಶಿಕ್ಷೆ 7 ವರ್ಷ 8 ತಿಂಗಳು, ಅದರಲ್ಲಿ ಒಳಗಿದ್ದದ್ದು 5 ವರ್ಷ. ಅವನು ಸಿಹಿ ತಿನಿಸಿನ ಚಟಕ್ಕೆ ಬಿದ್ದಿದ್ದನ್ನು ಮನಸ್ಸು ಕುಗ್ಗಿದ್ದರ ಗುರುತೆಂದು ಕೋರ್ಟಿನಲ್ಲಿ ವಾದಿಸಿದರು ಎಂದು ಹೇಳಿದಾಗ ತಮ್ಮ ಮುಖ ಕೆಂಪಾಯಿತು. "ಎರಡ ಜೀವಕ್ಕ ಏಳ ವರ್ಷಾ? ಮಿಠಾಯಿ ತಿಂದಿದ್ದಂತ?" ಆ ಸಿಟ್ಟು ಕೃತಕವಲ್ಲ. ಅದಕ್ಕೇ ಈ ಪತ್ರ ಬರೆಯುವ ಮನಸ್ಸು ಬಂದದ್ದು, ಇಲ್ಲದಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

ಕೊನೆಯಲ್ಲಿ ಮೇಣದ ಬತ್ತಿ ಹಿಡಿದ ಸಾವಿರಾರು ಜನ ಬೀದಿ ತುಂಬಿ ಬಂದರು. "ನಮ್ಮ ಗವಿಮಠದ ತೇರಿನಷ್ಟ ಮಂದಿ ಇಲ್ಲ ಬಿಡ್ರಿ" ಎಂದು ತಾವು ಅಳತೆ ಮಾಡಿದಿರಿ. ದೀಪ ಹಚ್ಚಿದೆವು. ಚರ್ಚೆ ಆರಂಭಿಸಿ ಎಂದು ಕೈ ಮುಗಿದು ಕೇಳಿಕೊಂಡಾಗ ಎದ್ದು ನಿಂತು ತಾವು ಅಪ್ಪಣೆ ಕೊಡಿಸಿದ ಮಾತು: "ನಮ್ಮ ಕಡಿ ಇಂಥಾದ್ದೆಲ್ಲ ಇಲ್ರಿ. ಇದೆಲ್ಲ ಅಮೇರಿಕಾದ ಹವಾ."

ಅಂದಿನಿಂದ ಈ ಮಾತನ್ನು ನಾನು ಮಣಿ ಎಣಿಸುತ್ತ ಜಪಿಸುತ್ತಿದ್ದೇನೆ. ಮಹಾಶಯರೇ, ಪ್ರತಿ ಹುಣ್ಣಿಮೆಗೆ ಹುಲಿಗಿಗೆ ಹೋಗುವವರು ತಾವು. ಮುನಿರಾಬಾದ್ ಸ್ಟೇಷನ್ನಿಗೆ ಇಳಿದು, ತುಂಗಭದ್ರೆಯಲ್ಲಿ ಮುಳುಗಿ, ಒದ್ದೆ ಧೋತರದಲ್ಲೇ ಹುಲಿಗೆಮ್ಮನ ಗುಡಿಗೆ ನಡೆಯುವವರು. ಅಲ್ಲಿ ಸೀರೆ ಉಟ್ಟು, ಕೈ ತುಂಬ ಹಸಿರು ಬಳೆ ತೊಟ್ಟು, ಪಡ್ಲಗಿ ಹಿಡಿದು ನಿಂತ ಜೋಗಪ್ಪನ ಮುಂದೆ ತಾವು ತಲೆ ಬಾಗಿಸಿದ್ದನ್ನು ಈ ಕಣ್ಣಾರೆ ಕಂಡಿದ್ದೇನೆ. ಹಣೆಗೆ ಭಂಡಾರ ಹಚ್ಚಿಸಿಕೊಂಡಿರಿ. ಹೊಸ ಟ್ರ್ಯಾಕ್ಟರಿನ ಬಾನೆಟ್ಟಿಗೂ ಹಚ್ಚಿಸಿದಿರಿ. ಗಬ್ಬ ನಿಲ್ಲದ ಎಮ್ಮೆಗೊಂದು ಚಿಟಿಕೆ ಕಾಗದದಲ್ಲಿ ಕಟ್ಟಿಸಿಕೊಂಡಿರಿ. ಆ ಜೋಗಪ್ಪ ಗಂಡಾಗಿ ಹುಟ್ಟಿ ದೇವಿಯ ಮುಂದೆ ಮುತ್ತು ಕಟ್ಟಿಸಿಕೊಂಡವನು. ಹುಲಿಗಿಯಲ್ಲಿ ಮುತ್ತು ಕಟ್ಟಿದರೆ ದೈವ, ಗಂಗಾವತಿಯಲ್ಲಿ ಮುತ್ತು ಕೊಟ್ಟರೆ ವೈರು ಕೀಳಬೇಕು. ಎರಡೂ ಊರು ಒಂದೇ ಕೊಪ್ಪಳ ಜಿಲ್ಲೆಯಲ್ಲಿವೆ. 1997ರಲ್ಲಿ ರಾಯಚೂರಿನಿಂದ ಬೇರೆಯಾಗುವಾಗ ಸರಕಾರ ಇಂಥ ಗಡಿಯನ್ನೇನೂ ಗುರುತಿಸಿದ ಹಾಗೆ ಕಾಣೆ.

ಜೋಗಪ್ಪ ಬೇರೆ, ಹಾರ್ವಿಯಂಥವರು ಬೇರೆ, ಅದು ನನಗೂ ಗೊತ್ತು. ಒಬ್ಬರದು ತಾನು ಯಾರೆಂಬ ಮಾತು, ಇನ್ನೊಬ್ಬರದು ತನ್ನ ಮನಸ್ಸು ಯಾರ ಮೇಲೆಂಬ ಮಾತು. ಎರಡನ್ನೂ ಒಂದೇ ಚೀಲಕ್ಕೆ ಸುರಿದು ಹೊಲಿಯಬಾರದು. ಆದರೆ ತಾವು ಆಗಲೇ ಹೊಲಿದಿದ್ದೀರಿ. ಆ ದಿನ ಕತ್ತಲಲ್ಲಿ ಪರದೆಯ ಮೇಲಿನ ಮನುಷ್ಯನಿಗೆ ತಾವು ಹಾಕಿದ ಬೈಗುಳ, ಹುಲಿಗಿಯಿಂದ ಹಿಂದಿರುಗುವ ರೈಲಿನಲ್ಲಿ, ಭಂಡಾರ ಹಣೆಯಲ್ಲಿ ಇನ್ನೂ ಹಸಿಯಿರುವಾಗಲೇ, ಅದೇ ಜೋಗಪ್ಪನ ನಡಿಗೆಯನ್ನು ಅಣಕಿಸುತ್ತ ಹಾಕಿದ ಬೈಗುಳವೇ. ಇಲ್ಲಿ ಬರೆಯಲಾರೆ, ಪತ್ರಿಕೆಯವರು ಅಚ್ಚು ಹಾಕುವುದಿಲ್ಲ.

ಮಂಜಮ್ಮ ಜೋಗತಿಯವರ ವಿಡಿಯೋವನ್ನು ನನಗೆ ಕಳಿಸಿದವರೂ ತಾವೇ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿ, ಇದೇ ಹುಲಿಗಿಯಲ್ಲಿ ಜೋಗತಿಯಾಗಿ, ಬೀದಿಯಲ್ಲಿ ಭಿಕ್ಷೆ ಬೇಡಿ, ಕಾಳವ್ವ ಜೋಗತಿಯಿಂದ ಕುಣಿತ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಹೋದಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ತಾವು ಆ ವಿಡಿಯೋದ ಕೆಳಗೆ ಮುಗಿದ ಕೈಗಳನ್ನು ಸಾಲಾಗಿ ಇಟ್ಟಿದ್ದಿರಿ, ನಾನು ಎಣಿಸಿದೆ, 11 ಜತೆ. ಅವರ ಆತ್ಮಕಥೆ 'ನಡುವೆ ಸುಳಿವ ಹೆಣ್ಣು' ತಂದುಕೊಡಲೇ ಎಂದು ಕೇಳಿದ್ದಕ್ಕೆ, "ಇರ್ಲಿ ಬಿಡ್ರಿ, ವಿಡಿಯೋ ನೋಡೀನಲ್ಲ" ಎಂದಿರಿ. ತಮ್ಮ ಊರಿನಲ್ಲಿ ಸಂಘದ ಹಳೆಯ ಕೋಣೆ ಖಾಲಿ ಇತ್ತು. ಒಬ್ಬ ಜೋಗಪ್ಪ ಬಾಡಿಗೆಗೆ ಕೇಳಿದಾಗ, ದೇವರಂಥವರಿಗೆ ಬಾಡಿಗೆ ಹೇಗೆ ಕೇಳುವುದು, ಪಾಪ ಬರುತ್ತದೆ ಎಂದು ಕೊಡದೇ ಬಿಟ್ಟ ತಮ್ಮ ಭಕ್ತಿಗೆ ಏನೆನ್ನಲಿ.

ಬಯಲಾಟದ ಮಾತು ತೆಗೆದರೆ ತಮ್ಮ ಕಣ್ಣು ಈಗಲೂ ತೇವವಾಗುತ್ತವೆ. ತಮ್ಮ ಊರಿನಲ್ಲಿ ದ್ರೌಪದಿ ಆಡುತ್ತಿದ್ದ ಗಂಡಸಿನ ಸೊಂಟ, ಆತನ ಸೀರೆಯ ನಿರಿಗೆ, ಆತ ಓರೆಗಣ್ಣಿನಿಂದ ನೋಡಿದಾಗ ಗೌಡರು ರುಮಾಲು ಸಹಿತ ಐದು ರೂಪಾಯಿ ಎಸೆದದ್ದು. ಅದನ್ನು ಕಲೆ ಎನ್ನುತ್ತೀರಿ. ಇರಲಿ, ಕಲೆಯೇ.

ಕನ್ನಡದ್ದು ತೋರಿಸಬೇಕಿತ್ತು, ಪರದೇಶದ್ದು ಯಾಕೆ ತಂದಿರಿ ಎಂದು ಆಕ್ಷೇಪಿಸಿದಿರಿ. ಶಿರಸಾವಹಿಸುತ್ತೇನೆ. 'ನಾನು ಅವನಲ್ಲ... ಅವಳು' ತೋರಿಸಲೇ ಎಂದೆ. ಬಿ.ಎಸ್. ಲಿಂಗದೇವರು ತೆಗೆದದ್ದು, ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಬರೆದ ಸ್ವಂತ ಬದುಕಿನ ಕಥೆ, ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದದ್ದು. "ಅವಾರ್ಡ್ ಪಿಕ್ಚರ್ ಅಲ್ರೀ ಅದು, ನಿದ್ದಿ ಬರ್ತೈತಿ" ಎಂದಿರಿ. 2021ರ ಜೂನಿನಲ್ಲಿ ವಿಜಯ್ ಅಪಘಾತದಲ್ಲಿ ತೀರಿಕೊಂಡು, ಮನೆಯವರು ಅಂಗಾಂಗ ದಾನ ಮಾಡಿದಾಗ, ತಮ್ಮ ಸ್ಟೇಟಸ್ಸಿನಲ್ಲಿ ಮೂರು ದಿನ ಅವರದೇ ಭಾವಚಿತ್ರವಿತ್ತು. ಸತ್ತ ನಟನನ್ನು ಗೌರವಿಸುವುದಕ್ಕೆ ಅವನ ಸಿನಿಮಾ ನೋಡಬೇಕೆಂಬ ನಿಯಮವೇನೂ ಇಲ್ಲ. ರಾಜಕಾರಣಿಯದೇ ಆಗಬೇಕೆಂದರೆ ಹಿಂದಿಯಲ್ಲಿ 'ಶಬ್ನಂ ಮೌಸಿ' ಇದೆ, 2005ರದು, ಆಶುತೋಷ್ ರಾಣಾ ಪಾತ್ರ ಮಾಡಿದ್ದಾರೆ. ಮಧ್ಯಪ್ರದೇಶದ ಸೊಹಾಗಪುರದ ಜನ ತಮ್ಮ ಶಾಸಕಿಯಾಗಿ ಆರಿಸಿ ಕಳಿಸಿದ ಹಿಜಡಾ ಶಬ್ನಂ ಅವರ ಕಥೆ. ಇನ್ನು ತುಂಗಭದ್ರೆ ದಾಟಿ ಹೊಸಪೇಟೆಯ ಆಚೆ ಹೋದರೆ ಸಂಡೂರು. ಆ ಊರಿನ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಪ್ರಕಟಿಸಿ ಗಂಡಸನ್ನು ಪ್ರೀತಿಸುವ ಗಂಡಸಿನ ಪಾಡನ್ನು ಕನ್ನಡದಲ್ಲೇ ಬರೆದರು. ಅಮೇರಿಕಾದ ಹವಾ ಸಂಡೂರಿನ ಗಣಿ ಧೂಳಿನಲ್ಲಿ ಹೇಗೆ ಬಂತೋ. ಹೊರಗಿನದು ಬೇಡವೆಂಬ ತಮ್ಮ ಸ್ವದೇಶಿ ನಿಷ್ಠೆಗೆ ಒಂದು ಸಣ್ಣ ಕಾಣಿಕೆ: ಇಂಥ ಪ್ರೀತಿಯನ್ನು ಅಪರಾಧವೆಂದು ಈ ದೇಶದ ದಂಡಸಂಹಿತೆಯಲ್ಲಿ 1860ರಲ್ಲಿ ಬರೆದವರು ಇಂಗ್ಲಿಷರು. 2018ರ ಸೆಪ್ಟೆಂಬರ್ 6ರಂದು ನಮ್ಮದೇ ಸುಪ್ರೀಂ ಕೋರ್ಟು ಅದನ್ನು ತೆಗೆಯಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೇಳಿದಾಗ ಕೊಡಲಿಲ್ಲ, ಆ ಸುದ್ದಿಯನ್ನೂ ತಾವು ನನಗೆ ಕಳಿಸಿದ್ದಿರಿ. ನನಗೇ ಯಾಕೆ ಕಳಿಸಿದಿರೆಂದು ಕೇಳಿರಲಿಲ್ಲ.

ಆ ಮಾತಿಗೇ ಬರೋಣ. ಸಿನಿಮಾದಲ್ಲಿ 1978ರ ಒಂದು ಪ್ರಸ್ತಾಪ ಬರುತ್ತದೆ. ಜಾನ್ ಬ್ರಿಗ್ಸ್ ಎಂಬ ಸೆನೆಟರ್ ತಂದದ್ದು, ಸಲಿಂಗಪ್ರೇಮಿಗಳಾದ ಮಾಸ್ತರರನ್ನು, ಅವರ ಪರ ಮಾತಾಡಿದವರನ್ನೂ ಕ್ಯಾಲಿಫೋರ್ನಿಯಾದ ಸರಕಾರಿ ಶಾಲೆಗಳಿಂದ ತೆಗೆಯಬೇಕೆಂಬುದು. ಹಾರ್ವಿ ಊರೂರು ತಿರುಗಿ ವಾದ ಮಾಡಿದರು. ರೊನಾಲ್ಡ್ ರೇಗನ್‌ರಂಥ ಬಲಪಂಥೀಯರೇ ಅದು ಬೇಡವೆಂದರು. ನವೆಂಬರ್ 7ರಂದು ಜನ ಅದನ್ನು 10 ಲಕ್ಷಕ್ಕೂ ಹೆಚ್ಚು ವೋಟುಗಳಿಂದ ಸೋಲಿಸಿದರು. ಇಪ್ಪತ್ತು ದಿನಕ್ಕೆ ಹಾರ್ವಿಯ ಕೊಲೆಯಾಯಿತು. ಆ ದೃಶ್ಯ ನಡೆಯುವಾಗ ತಾವು ಪರದೆ ನೋಡುತ್ತಿರಲಿಲ್ಲ. ಖುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಿದ್ದಿರಿ.

ನಾನು 22 ವರ್ಷದಿಂದ ಹೈಸ್ಕೂಲು ಮಾಸ್ತರ. ವಯಸ್ಸು 46. ಲಗ್ನವಾಗಿಲ್ಲ. ಪ್ರತಿ ಶ್ರಾವಣ ಕಳೆಯುತ್ತಲೇ ತಾವು ಯಲಬುರ್ಗಾದ ಒಂದು, ಕಾರಟಗಿಯ ಒಂದು, ಕುಷ್ಟಗಿಯಲ್ಲಿ ನನ್ನ ಮನೆಯ ಹಿಂದಿನ ಓಣಿಯದೇ ಒಂದು ಫೋಟೋ ಹಿಡಿದು ಬರುತ್ತೀರಿ. ಆ ಹೆಣ್ಣುಮಕ್ಕಳಿಗೆ ತಾವು ಮಾಡಹೊರಟಿದ್ದ ಅನ್ಯಾಯವನ್ನು ನಾನು ಒಬ್ಬನೇ 20 ವರ್ಷ ತಡೆದು ನಿಲ್ಲಿಸಿದ್ದೇನೆ, ಅದಕ್ಕೆ ತಾವು ನನಗೊಂದು ಶಾಲು ಹೊದಿಸಬೇಕಿತ್ತು. ಡೇರಿಯಲ್ಲಿ ಹಾಲಿಗೆ ಡಿಗ್ರಿ ಹಾಕುವ ಹಾಗೆ ನನ್ನ ನಡಿಗೆ, ನಗು, ಅಡುಗೆಮನೆ, ಯಾರ ಜತೆ ಹಂಪಿಗೆ ಹೋದೆ ಎಂಬುದೆಲ್ಲಕ್ಕೂ ಲ್ಯಾಕ್ಟೋಮೀಟರ್ ಇಳಿಬಿಡುತ್ತ ಬಂದಿದ್ದೀರಿ. ಅದು ನೀರು ಬೆರೆತದ್ದನ್ನು ತೋರಿಸುವ ಗಾಜಿನ ಕೊಳವೆ, ಸ್ವಾಮಿ. ಅಷ್ಟೇ ತೋರಿಸುತ್ತದೆ.

ಚರ್ಚೆ ಮುಗಿದು ಖುರ್ಚಿಗಳನ್ನು ಒಂದರೊಳಗೊಂದು ಪೇರಿಸುವಾಗ ಹತ್ತಿರ ಬಂದು, ಹೆಗಲ ಮೇಲೆ ಕೈ ಹಾಕಿ, ಯಾರಿಗೂ ಕೇಳದ ಹಾಗೆ ತಾವು ಹೇಳಿದಿರಿ: "ಮಾಸ್ತರ್ರ, ಇದ್ರ ಇರ್ಲಿ. ಮೈಕ್‌ನ್ಯಾಗ ಯಾಕ ಹೇಳಬೇಕ್ರಿ?" ಆ ಸಂಜೆ ತಮ್ಮ ಬಾಯಿಂದ ಬಂದ ಅತ್ಯಂತ ಪ್ರಾಮಾಣಿಕ ಮಾತು ಅದು. ಎಮ್ಮೆಯ ಪ್ರಶ್ನೆಯೂ ಅಷ್ಟು ಪ್ರಾಮಾಣಿಕವಾಗಿರಲಿಲ್ಲ. ತಮಗೆ ಮುತ್ತಿನ ತಕರಾರಿಲ್ಲ ಎಂದು ನನಗೆ ಹೊಳೆದದ್ದು ಆಗ. ಜೋಗಪ್ಪ ದೇವಿಯ ಹೆಸರಿನಲ್ಲಿ ಹೇಳಿದರೆ ತಲೆ ಬಾಗುತ್ತೀರಿ. ಬಯಲಾಟದವ ದ್ರೌಪದಿಯ ಹೆಸರಿನಲ್ಲಿ ಕುಣಿದರೆ ಐದು ರೂಪಾಯಿ ಎಸೆಯುತ್ತೀರಿ. ಮಾಸ್ತರ ಏನನ್ನೂ ಹೇಳದೆ ಇದ್ದರೆ 20 ವರ್ಷ ಫೋಟೋ ತಂದು ತೋರಿಸುವಷ್ಟು ಸೈರಣೆಯೂ ತಮಗುಂಟು. ಕ್ಯಾಮೆರಾ ಅಂಗಡಿಯ ಆ ಮನುಷ್ಯ ತನ್ನ ಹೆಸರಿನಲ್ಲೇ ಹೇಳಿ, ಮೇಲೆ ವೋಟೂ ಕೇಳಿದ. ವೈರು ಕೀಳಬೇಕಾದದ್ದು ಅಲ್ಲಿತ್ತು. ತಾವು ಜಾಗ ತಪ್ಪಿ ಬೇರೆ ಕಡೆ ಕಿತ್ತಿರಿ.

ಈಗ ವಿನಂತಿಗಳು. ಮುಂದಿನ ತಿಂಗಳ ಎರಡನೇ ಭಾನುವಾರ, ತಮ್ಮ ಮನಸ್ಸು ನೋಯಿಸಿದ ಪ್ರಾಯಶ್ಚಿತ್ತವಾಗಿ, ತಮಗಾಗಿಯೇ 'ಮಂಥನ್' ತೋರಿಸುತ್ತಿದ್ದೇವೆ. ಹಾಲಿದೆ. ಎಮ್ಮೆ ಮೊದಲ ಭಾಗದಲ್ಲೇ ಬರುತ್ತದೆ. ಐದು ಮಂದಿಯನ್ನೂ ಕರೆತನ್ನಿ, ಅದರಲ್ಲೂ ವೈರಿನ ಹತ್ತಿರ ಕೂತಿದ್ದವರನ್ನು ಮರೆಯಬೇಡಿ, ಅವರ ಖುರ್ಚಿಯನ್ನು ಅದೇ ಜಾಗದಲ್ಲಿ ಹಾಕಿಸಿರುತ್ತೇನೆ. ಮುಂಚಿತವಾಗಿ ಒಂದು ಮಾತು ತಿಳಿಸಿಬಿಡುತ್ತೇನೆ, ಆಮೇಲೆ ಮಾಸ್ತರ ಮೋಸ ಮಾಡಿದ ಅನ್ನಬಾರದು: ಈ ಸಿನಿಮಾದಲ್ಲೂ ಎಲೆಕ್ಷನ್ ಇದೆ. ಹಾಲಿನ ಸಂಘದ್ದೇ. ಸರಪಂಚನ ಎದುರಿಗೆ ಹರಿಜನ ಕೇರಿಯವನು ನಿಂತು ಗೆಲ್ಲುತ್ತಾನೆ. ಆಗ ತಮಗೆ ಎದ್ದು ನಿಲ್ಲಬೇಕೆನಿಸಿದರೆ ಸಂಕೋಚ ಬೇಡ.

ಪರದೆ ಬದಲಿಸಲು ಈ ತಿಂಗಳೂ ದುಡ್ಡು ಕೂಡಲಿಲ್ಲ. ಹೊಲಿಗೆ ಹಾಗೇ ಇದೆ, ಈಗ ಒಂದು ಮೂಲೆಯಲ್ಲಿ ಇಲಿ ಕಡಿದಿದೆ. ಆದ್ದರಿಂದ ದಯಮಾಡಿ ಆ ಬಿಳಿ ಅಂಗಿಯನ್ನೇ, ಇಸ್ತ್ರಿ ಮಾಡಿಸಿ, ಹಾಕಿಕೊಂಡು ಬನ್ನಿ.

ಇಂತಿ ತಮ್ಮ ವಿಧೇಯ,
ಫೋಟೋ ವಾಪಸು ಕೊಡುವ ಮಾಸ್ತರ